ಜೋಗದ ಟರ್ಬೈನು, ತೋಟದ ಟರ್ಬೈನು

ಮಲೆನಾಡಿನಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನು ಕೂರಿಸಿ ಮನೆಗೆ ಕರೆಂಟು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶೃಂಗೇರಿ, ಮೂಡಿಗೆರೆ ಕಡೆಯ ಒಂಟಿ ಮನೆಗಳಲ್ಲಿ ಇದು ಹೊಸ ಸುದ್ದಿ ಅಲ್ಲ. ಕೆಲವು ಯಂತ್ರಗಳು ವರ್ಷಗಟ್ಟಲೆ ಓಡಿವೆ. ಕೆಲವು ಎರಡು ಮಳೆಗಾಲ ಕಳೆಯುವುದರೊಳಗೆ ಕೊಟ್ಟಿಗೆಯ ಮೂಲೆ ಸೇರಿವೆ. ಯಂತ್ರ ಸರಿ ಇರಲಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಇದರ ಹಿಂದಿನ ಕಥೆ ನೋಡಿದರೆ, ಕೆಟ್ಟಿದ್ದು ಯಂತ್ರಕ್ಕಿಂತ ಜಾಸ್ತಿ ಅದನ್ನು ಕಂಡುಹಿಡಿದವರು, ತಯಾರಿಸಿದವರು ಮತ್ತು ಬಳಸಿದವರ ನಡುವಿನ ನಂಟು ಅನ್ನಿಸುತ್ತದೆ. ಆ ನಂಟು ನಮ್ಮ ಶಿವಮೊಗ್ಗ ಜಿಲ್ಲೆಯೊಳಗೇ ಬೆಳೆಯಬೇಕಿತ್ತು.

ಕಥೆ ಶುರುವಾಗುವುದು ದೊಡ್ಡದರಿಂದ. ಶರಾವತಿ ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತಾಳೆ. ಅಷ್ಟು ಎತ್ತರದಿಂದ ಬೀಳುವ ನೀರನ್ನು ಕರೆಂಟು ಮಾಡುವ ಆಸೆ ಮೈಸೂರು ಸಂಸ್ಥಾನದ ಎಂಜಿನಿಯರುಗಳಿಗೆ ಬಹಳ ಹಿಂದೆಯೇ ಇತ್ತು. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಜೋಗದ ವಿದ್ಯುದಾಗಾರ ಕೆಲಸ ಶುರು ಮಾಡಿದ್ದು 1948ರಲ್ಲಿ. ಮೊದಲು ಅದಕ್ಕೆ ಮಹಾರಾಜರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಹೆಸರಿಟ್ಟರು. ಅದಕ್ಕೆ ನೀರು ಕೂಡಿಡಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಊರವರ ಬಾಯಲ್ಲಿ ಅದು ಮಡೆನೂರು ಡ್ಯಾಮು.

ಈ ಅಣೆಕಟ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅಲ್ಲಿ ಹೆಚ್ಚಾದ ನೀರು ಹೊರಹೋಗಲು ಇರುವುದು ಸೈಫನ್ನುಗಳು. ನೀರು ಒಂದು ಮಟ್ಟ ದಾಟಿದ ಕೂಡಲೇ ಅವು ತಾವಾಗಿಯೇ ಎಳೆಯಲು ಶುರು ಮಾಡುತ್ತವೆ, ಮಟ್ಟ ಇಳಿದರೆ ತಾವಾಗಿಯೇ ನಿಲ್ಲುತ್ತವೆ. ಬಾಗಿಲು ಎತ್ತುವ ಕೆಲಸ ಯಾರಿಗೂ ಇಲ್ಲ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಿಧಾನ ಇದು. ಕುಣಿಗಲ್ ಹತ್ತಿರದ ಮಾರ್ಕೋನಹಳ್ಳಿಯಲ್ಲೂ ಇದೆ. 1964ರಲ್ಲಿ ಅದೇ ಹೊಳೆಗೆ ಕಟ್ಟಿದ ದೊಡ್ಡ ಅಣೆಕಟ್ಟು ಲಿಂಗನಮಕ್ಕಿ ತುಂಬಿದಾಗ ಹಿರೇಭಾಸ್ಕರ ಅದರ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಮತ್ತೆ ಮೇಲೆ ಕಾಣುತ್ತದೆ, ಆಗ ಜನ ನೋಡಲು ಹೋಗುತ್ತಾರೆ. ಇಷ್ಟು ವರ್ಷ ನೀರಿನಡಿ ಇದ್ದೂ ಕಟ್ಟಡ ಗಟ್ಟಿಯಾಗಿ ನಿಂತಿರುವುದನ್ನು ನೋಡಿದರೆ ಆ ಕಾಲದ ಕೆಲಸಕ್ಕೆ ಕೈಮುಗಿಯಬೇಕು ಅನ್ನಿಸುತ್ತದೆ.

ಆ ಕಾಲದಲ್ಲಿ ಸಂಶೋಧನೆ, ಕಾರ್ಖಾನೆ, ಸರ್ಕಾರ ಎಲ್ಲ ಹೆಚ್ಚುಕಡಿಮೆ ಒಂದೇ ಸೂರಿನಡಿ ಇದ್ದವು. ಲೆಕ್ಕ ಹಾಕಿದವರೇ ಕಟ್ಟಿದರು, ಕಟ್ಟಿದವರೇ ನೋಡಿಕೊಂಡರು. ತಪ್ಪಾದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿತ್ತು.

ಆಮೇಲೆ ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ ಬಂದು 1035 ಮೆಗಾವ್ಯಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಆದರೆ ಅದೇ ಹೊಳೆಗೆ ಮನೆ ಮಠ ಬಿಟ್ಟುಕೊಟ್ಟವರ ಎಷ್ಟೋ ಹಳ್ಳಿಗಳಲ್ಲಿ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯೇ ಗತಿಯಾಗಿತ್ತು. ಇದನ್ನು ಬರೆಯುವಾಗ ಈಗಲೂ ಬೇಸರವಾಗುತ್ತದೆ. ಗುಡ್ಡದ ಒಂದು ಮಗ್ಗುಲಲ್ಲಿ ಒಂದು ಮನೆ, ಇನ್ನೊಂದು ಕಣಿವೆಯಲ್ಲಿ ಇನ್ನೊಂದು. ನಡುವೆ ಕಾಡು. ಕಂಬ ಹಾಕಿದರೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಆದರೆ ಅದೇ ಮನೆಯ ಹಿತ್ತಲಿಗೆ ಗುಡ್ಡದ ಮೇಲಿಂದ ಅಬ್ಬಿ ನೀರು ಬಂದು ಬೀಳುತ್ತಿರುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ.

ಆ ನೀರಿನಲ್ಲಿ ಎಷ್ಟು ಕರೆಂಟಿದೆ? ಲೆಕ್ಕ ಕಷ್ಟ ಏನಿಲ್ಲ. 20 ಲೀಟರಿನ ಬಕೆಟ್ಟು 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್ ನೀರು ಅಂತಾಯಿತು. ಅದು 40 ಮೀಟರ್ ಎತ್ತರದಿಂದ ಇಳಿದರೆ ಸುಮಾರು 2 ಕಿಲೋವ್ಯಾಟ್ ಶಕ್ತಿ. ಪೈಪಿನಲ್ಲಿ, ಚಕ್ರದಲ್ಲಿ, ಜನರೇಟರಿನಲ್ಲಿ ಅರ್ಧ ಹೋಯಿತು ಅಂದುಕೊಂಡರೂ ಕೈಗೆ 1 ಕಿಲೋವ್ಯಾಟ್ ಸಿಗುತ್ತದೆ. ಒಂದು ಮನೆಯ ದೀಪ, ಟಿವಿ, ಮಿಕ್ಸಿಗೆ ಅಷ್ಟು ಸಾಕು. ಪೈಪಿನ ತುದಿಯ ಸಣ್ಣ ಮೂತಿಯಿಂದ ಚಿಮ್ಮುವ ನೀರಿನ ವೇಗ ಗಂಟೆಗೆ ಹತ್ತಿರ ಹತ್ತಿರ 100 ಕಿಲೋಮೀಟರ್. ಅದು ಹೊಡೆಯುವ ಚಕ್ರ ಮಾತ್ರ ಒಂದು ಗೇಣಿನೊಳಗೆ ಮುಗಿದುಹೋಗುತ್ತದೆ. ಅದರ ಸುತ್ತ ಜೋಡಿ ಬಟ್ಟಲುಗಳು, ಎರಡು ಬಟ್ಟಲಿನ ನಡುವೆ ಒಂದು ಚೂಪು ಏಣು. ನೀರು ಆ ಏಣಿಗೆ ಬಿದ್ದು ಎರಡಾಗಿ ಸೀಳಿ, ಬಟ್ಟಲಿನೊಳಗೆ ತಿರುಗಿ ಹೊರಬೀಳುತ್ತದೆ. 1880ರಲ್ಲಿ ಅಮೆರಿಕದ ಲೆಸ್ಟರ್ ಪೆಲ್ಟನ್ ಪೇಟೆಂಟ್ ಪಡೆದ ಚಕ್ರ ಇದು. ಜೋಗದಲ್ಲಿ ತಿರುಗುವುದೂ ಇದೇ ಜಾತಿಯದು, ಗಾತ್ರ ಮಾತ್ರ ಬೇರೆ.

ಚಕ್ರ ಸಣ್ಣದು ಮಾಡುವುದು ದೊಡ್ಡ ವಿಷಯ ಆಗಿರಲಿಲ್ಲ. ತಲೆನೋವು ಕೊಟ್ಟಿದ್ದು ಜನರೇಟರು. ಸಣ್ಣ ಜನರೇಟರುಗಳು ದುಬಾರಿ, ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಆಗುವುದಿಲ್ಲ. ಇದಕ್ಕೆ ದಾರಿ ತೋರಿಸಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸಂಶೋಧಕರು. ಎಲ್ಲ ಪೇಟೆಯಲ್ಲೂ ಸಿಗುವ ತ್ರೀ ಫೇಸ್ ಮೋಟರನ್ನೇ ನೀರಿನಿಂದ ತಿರುಗಿಸಿ, ಕೆಪಾಸಿಟರ್ ಜೋಡಿಸಿದರೆ ಅದೇ ಜನರೇಟರ್ ಆಗುತ್ತದೆ. ಮೋಟರು ಸುಟ್ಟರೆ ಪಂಪ್‌ಸೆಟ್ ರಿವೈಂಡಿಂಗ್ ಮಾಡುವವರ ಹತ್ತಿರ ಕೊಟ್ಟರಾಯಿತು. ನಿಗೆಲ್ ಸ್ಮಿತ್ ಅನ್ನುವವರು ಇದಕ್ಕೆ ಒಂದು ಎಲೆಕ್ಟ್ರಾನಿಕ್ ಕಂಟ್ರೋಲರನ್ನೂ ರೂಪಿಸಿದರು. ಮನೆಯಲ್ಲಿ ದೀಪ ಆರಿಸಿದಾಗ ಮಿಕ್ಕ ಕರೆಂಟು ಎಲ್ಲಿಗಾದರೂ ಹೋಗಬೇಕಲ್ವಾ? ಇಲ್ಲವಾದರೆ ಚಕ್ರ ಹುಚ್ಚೆದ್ದು ತಿರುಗಿ ವೋಲ್ಟೇಜು ಏರುತ್ತದೆ. ಕಂಟ್ರೋಲರು ಆ ಮಿಕ್ಕಿದ್ದನ್ನು ಒಂದು ಹೀಟರಿಗೆ ಕಳಿಸುತ್ತದೆ. ಮಲೆನಾಡಿನ ಮನೆಯಲ್ಲಿ ಆ ಹೀಟರನ್ನು ಬಚ್ಚಲಿನ ನೀರಿಗೆ ಇಟ್ಟರೆ ಒಂದಿಷ್ಟು ಸೌದೆಯೂ ಉಳಿಯುತ್ತದೆ.

ಆ ಸಂಶೋಧಕರು ಮಾಡಿದ ಮುಖ್ಯ ಕೆಲಸ ಇನ್ನೊಂದಿದೆ. ಲೇಖನ ಬರೆದು ಸುಮ್ನೆ ಕೂರಲಿಲ್ಲ. ಕಂಟ್ರೋಲರ್ ಮಾಡುವ ವಿದ್ಯೆಯನ್ನು ಶ್ರೀಲಂಕಾ, ನೇಪಾಳದ ಸಣ್ಣ ತಯಾರಕರಿಗೆ ಕಲಿಸಿಕೊಟ್ಟರು. ನೇಪಾಳದಲ್ಲಿ ಅಕ್ಕಲ್ ಮಾನ್ ನಕರ್ಮಿ ಅನ್ನುವ ವರ್ಕ್‌ಶಾಪಿನ ಮನುಷ್ಯ ಪೆಲ್ಟನ್ ಚಕ್ರವನ್ನೂ ಮೋಟರನ್ನೂ ಒಂದೇ ದಂಡಕ್ಕೆ ಸೇರಿಸಿ 'ಪೆಲ್ಟ್ರಿಕ್ ಸೆಟ್' ಮಾಡಿದರು. ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಬಹುದಾದ ಕರೆಂಟು ಯಂತ್ರ ಅದು. ಕಾಲೇಜಿನ ಲೆಕ್ಕ, ವರ್ಕ್‌ಶಾಪಿನ ಕೈಚಳಕ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ರೂರ್ಕಿಯ ವಿಶ್ವವಿದ್ಯಾಲಯ 1982ರಲ್ಲೇ ಸಣ್ಣ ಜಲವಿದ್ಯುತ್ತಿಗಾಗಿ ಒಂದು ಕೇಂದ್ರ ತೆರೆಯಿತು. ಆದರೆ ರೂರ್ಕಿ ಹಿಮಾಲಯದ ಬುಡದಲ್ಲಿದೆ, ಹೊಸನಗರದ ಹತ್ತಿರ ಅಲ್ಲ.

ಪಶ್ಚಿಮ ಘಟ್ಟದ ಮನೆಗಳಿಗೂ ಈ ಯಂತ್ರ ಬಂತು. ಸರ್ಕಾರದ ಸಬ್ಸಿಡಿಯೂ ಸೇರಿತು. ಮಳೆಗಾಲದಿಂದ ಜನವರಿವರೆಗೆ, ಒಳ್ಳೆಯ ಹಳ್ಳವಾದರೆ ಇನ್ನೂ ಒಂದೆರಡು ತಿಂಗಳು ಕರೆಂಟು. ಆದರೆ ಕೆಡುವ ಸಂಗತಿಗಳೂ ಬೇಗ ಗೊತ್ತಾದವು. ಕಾಡಿನ ಎಲೆ ಬಂದು ಮೂತಿ ಕಟ್ಟುತ್ತದೆ. ಮರಳು ಬಂದರೆ ಬಟ್ಟಲು ಸವೆಯುತ್ತದೆ. ನೀರು ಸಿಡಿದು ಬೇರಿಂಗು ಹೋಗುತ್ತದೆ. ಮೇ ತಿಂಗಳ ಸಿಡಿಲಿಗೆ ಕಂಟ್ರೋಲರ್ ಸುಟ್ಟುಹೋಗುತ್ತದೆ. ಎಲೆ ತೆಗೆಯಲು ಮನೆಯವರೇ ಸಾಕು. ಬೇರಿಂಗು ಪೇಟೆಯಲ್ಲಿ ಸಿಗುತ್ತದೆ. ಬಟ್ಟಲು ಮತ್ತು ಕಂಟ್ರೋಲರಿಗೆ ಮಾತ್ರ ಯಂತ್ರ ಕೊಟ್ಟವರನ್ನೇ ಹಿಡಿಯಬೇಕು. ಅವರಿರುವುದು ದೂರದ ಊರಿನಲ್ಲಿ. ಜುಲೈ ತಿಂಗಳಲ್ಲಿ, ಅಂದರೆ ನೀರು ಜಾಸ್ತಿ ಇರುವಾಗ, ಕಂಬದ ಕರೆಂಟು ಇಲ್ಲದಿರುವಾಗಲೇ ಯಂತ್ರ ಬೇಕು. ರಸ್ತೆ ಕೊಚ್ಚಿಹೋಗಿ ಯಾರೂ ಬಾರದಿರುವುದೂ ಆಗಲೇ. ಅಷ್ಟರಲ್ಲಿ ಮನೆ ಮನೆಗೆ ಕಂಬದ ಕರೆಂಟು ಕೊಡುವ ಸರ್ಕಾರಿ ಯೋಜನೆಗಳು, 2005ರದ್ದು, ಆಮೇಲೆ 2017ರದ್ದು, ಬಂದವು. ಬಂದಿದ್ದು ಒಳ್ಳೆಯದೇ ಆಯಿತು. ಆದರೆ ನಿಂತ ಟರ್ಬೈನು ರಿಪೇರಿ ಮಾಡಿಸುವ ಅವಸರ ಯಾರಿಗೂ ಉಳಿಯಲಿಲ್ಲ.

ಶಿವಮೊಗ್ಗದ ಮಟ್ಟಿಗೆ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಬಟ್ಟಲು ಎರಕ ಹೊಯ್ಯಬೇಕು. ಶಿವಮೊಗ್ಗ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ಭದ್ರಾವತಿಯಲ್ಲಿ 1923ರಿಂದಲೇ ಕಬ್ಬಿಣ ಕರಗಿದೆ, ಎರಕದ ಕೆಲಸ ಗೊತ್ತಿರುವ ತಲೆಮಾರುಗಳೇ ಇವೆ. ಲೆಕ್ಕ ಹಾಕಿ ನಕ್ಷೆ ಬರೆಯಬೇಕು. 1980ರಿಂದ ಊರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ನೀರಿನ ಗುಣ, ಹಳ್ಳದ ಹರಿವು ಅಳೆಯಬೇಕು. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾ ಅಣೆಕಟ್ಟಿನ ಪಕ್ಕದ ಶಂಕರಘಟ್ಟದಲ್ಲೇ ಇದೆ. ತೋಟದವರ ಜೊತೆ ಮಾತಾಡಬೇಕು. ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಇರುವಕ್ಕಿ ಆವರಣ ಸಾಗರ ತಾಲೂಕಿನಲ್ಲೇ ಇದೆ. ಬೇಕಾದವರೆಲ್ಲ ಒಂದೆರಡು ತಾಸಿನ ದಾರಿಯಲ್ಲಿದ್ದಾರೆ.

ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭದಿಂದ ಇದು ಆಗುವುದಿಲ್ಲ. ಕಾಲೇಜಿಗೆ ಬೇಕಾಗುವುದು ಪ್ರಬಂಧ, ಫೌಂಡ್ರಿಗೆ ಬೇಕಾಗುವುದು ಆರ್ಡರು. ಹತ್ತು ಬಟ್ಟಲಿಗೆ ಅಚ್ಚು ಮಾಡು ಅಂದರೆ ಯಾವ ಫೌಂಡ್ರಿಗೂ ಗಿಟ್ಟುವುದಿಲ್ಲ. ಒಂದೊಂದು ಕಂಪನಿ ಒಂದೊಂದು ಅಳತೆ ಇಟ್ಟುಕೊಂಡಿರುವ ತನಕ ಹೀಗೇ. ಎರಡು ಮೂರು ಅಳತೆಗೆ ಎಲ್ಲರೂ ಒಪ್ಪಿ, ನಕ್ಷೆಯನ್ನು ಯಾರು ಬೇಕಾದರೂ ಬಳಸುವ ಹಾಗೆ ಬಿಟ್ಟುಕೊಟ್ಟರೆ ಆರ್ಡರು ಒಟ್ಟುಗೂಡುತ್ತದೆ. ಕಂಟ್ರೋಲರನ್ನು ಸಾಗರ, ತೀರ್ಥಹಳ್ಳಿಯ ರಿವೈಂಡಿಂಗ್ ಅಂಗಡಿಯವರೇ ಬಿಚ್ಚಿ ಸರಿಮಾಡುವಂತೆ ಕಲಿಸಬೇಕು. ಕಾಲೇಜಿನಲ್ಲಿ ಒಂದು ಪರೀಕ್ಷಾ ತೊಟ್ಟಿ, ಒಂದು ಪಂಪು, ಒಂದು ಮೀಟರು ಇದ್ದರೆ ಸವೆದ ಬಟ್ಟಲಿಗೂ ಹೊಸ ಬಟ್ಟಲಿಗೂ ಎಷ್ಟು ವ್ಯತ್ಯಾಸ ಅನ್ನುವುದನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಅದೇ ಅವರ ಪ್ರಾಜೆಕ್ಟ್ ಆಗಲಿ.

ಈಗ ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನಡೆದಿದೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಕರೆಂಟು ಬೇಕಾದಾಗ ಮತ್ತೆ ಇಳಿಸುವ ಯೋಜನೆ. ಕಾಡು ಹೋಗುತ್ತದೆ ಅಂತ ಜನ ವಿರೋಧಿಸುತ್ತಿದ್ದಾರೆ. ಆ ಕಾಳಜಿ ನನ್ನದೂ ಹೌದು. ಸಣ್ಣ ಟರ್ಬೈನು ಅದಕ್ಕೆ ಬದಲಿ ಆಗುವುದಿಲ್ಲ, ಹಾಗಂತ ಯಾರೂ ನಂಬಿಸಬಾರದು. ಅದರ ಕೆಲಸವೇ ಬೇರೆ, ತಂತಿ ಹರಿದ ದಿನ ಒಂದು ಮನೆಯ ದೀಪ ಉರಿಸುವುದು. ಅದಕ್ಕೂ ಹಳ್ಳದಲ್ಲಿ ನೀರು ಇರಬೇಕು. ಯಾವ ಹಳ್ಳದಲ್ಲಿ ಯಾವ ತಿಂಗಳು ಎಷ್ಟು ನೀರು ಅನ್ನುವ ಲೆಕ್ಕವನ್ನು ಬಕೆಟ್ಟು, ವಾಚು ಹಿಡಿದು ಊರ ಹೈಸ್ಕೂಲಿನ ಮಕ್ಕಳೂ ಬರೆದಿಡಬಹುದು. ಜೂನಿನಿಂದ ಮೇವರೆಗಿನ ಒಂದು ವರ್ಷದ ಲೆಕ್ಕ ಸಿಕ್ಕರೆ ಚಕ್ರದ ಅಳತೆ ಗೊತ್ತು ಮಾಡಲು ಸಾಕು, ಫೌಂಡ್ರಿಯವರು ಅಚ್ಚು ಮಾಡಲು ಅಲ್ಲಿಂದ ಶುರು ಮಾಡಬಹುದು.