ಸಾವಯವ ತರಕಾರಿ ಮನೆ ಬಾಗಿಲಿಗೆ: ಕೊಯ್ಲಿನ ನಂತರದ ಗಂಟೆಗಳ ಲೆಕ್ಕ

ಸಾವಯವ ತರಕಾರಿಯನ್ನು ಮನೆಗೆ ತರಿಸಿಕೊಳ್ಳುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಇದು ನಿಜವಾಗಿಯೂ ಸಾವಯವವೇ?" ಪ್ರಶ್ನೆಯೇನೋ ಸರಿಯಾದದ್ದೇ. ಆದರೆ ಕೊಯ್ದ ಹಣ್ಣು, ತರಕಾರಿಗಳು ಹೇಗೆ ಕೆಡುತ್ತವೆ, ಕೆಡದಂತೆ ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನೇ ಕಸುಬಾಗಿ ಮಾಡಿಕೊಂಡಿರುವ ನನಗೆ, ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಲ್ಲ ಎನ್ನಿಸುತ್ತದೆ: "ಇದನ್ನು ಕೊಯ್ದದ್ದು ಯಾವಾಗ, ಕೊಯ್ದ ಮೇಲೆ ಎಲ್ಲಿಟ್ಟಿದ್ದಿರಿ?"

ಪ್ರಮಾಣಪತ್ರ ಹೇಳುವುದು ಮುಖ್ಯವಾಗಿ ಬೆಳೆದ ಬಗೆಯನ್ನು. ಆಹಾರದ ಅಂತರರಾಷ್ಟ್ರೀಯ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗವು 1999ರಲ್ಲಿ ಅಂಗೀಕರಿಸಿದ ಸಾವಯವ ಆಹಾರದ ಮಾರ್ಗಸೂಚಿಯ ಪ್ರಕಾರ, ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚೆ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಆ ಜಮೀನಿನಲ್ಲಿ ಸಾವಯವ ಪದ್ಧತಿಯನ್ನೇ ಪಾಲಿಸಿರಬೇಕು. ಹಾಗೆಂದು ಸಿಂಪಡಣೆಯೇ ನಡೆದಿಲ್ಲ ಎಂದು ಅರ್ಥವಲ್ಲ. ಗಂಧಕ, ತಾಮ್ರದ ಕೆಲವು ಸಂಯುಕ್ತಗಳು, ಸಸ್ಯಮೂಲದ ಕೀಟನಾಶಕಗಳನ್ನು ನಿಬಂಧನೆಗಳೊಂದಿಗೆ ಬಳಸಲು ಅವಕಾಶವಿದೆ. ಮನೆಗೆ ತಲುಪಿಸುವವರು ತೋರಿಸುವ ಪ್ರಮಾಣಪತ್ರದಲ್ಲಿ ಮೂರು ಸಂಗತಿಗಳನ್ನು ಗಮನಿಸಿದರೆ ಸಾಕು: ಅದರ ಅವಧಿ ಮುಗಿದಿಲ್ಲವೇ, ನೀವು ಕೊಳ್ಳುವ ಬೆಳೆಯ ಹೆಸರು ಅದರ ಪಟ್ಟಿಯಲ್ಲಿದೆಯೇ, ಅದು ಇರುವುದು ಯಾರ ಹೆಸರಿನಲ್ಲಿ. ಒಂದು ತೋಟದ ಪ್ರಮಾಣಪತ್ರವನ್ನು ತೋರಿಸಿ ಹತ್ತು ಕಡೆಯ ಸರಕನ್ನು ಮಾರುವುದು ಈ ವ್ಯಾಪಾರದಲ್ಲಿ ಅಪರೂಪವೇನಲ್ಲ; ಸರಕನ್ನು ಬಿಚ್ಚಿ ಮತ್ತೆ ಚೀಲ ಕಟ್ಟುವ ಮಧ್ಯವರ್ತಿಯೂ ಪ್ರಮಾಣೀಕರಣದ ವ್ಯಾಪ್ತಿಗೆ ಬರಬೇಕಾದವನೇ.

ಇನ್ನು ಕೊಯ್ಲಿನ ನಂತರದ ಮಾತು. ಗಿಡದಿಂದ ಬೇರ್ಪಟ್ಟ ಮೇಲೂ ತರಕಾರಿ ಜೀವಂತವಾಗಿಯೇ ಇರುತ್ತದೆ, ಉಸಿರಾಡುತ್ತಲೇ ಇರುತ್ತದೆ. ಬೇರಿನಿಂದ, ಎಲೆಯಿಂದ ಹೊಸದಾಗಿ ಏನೂ ಒದಗದ ಕಾರಣ ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನೇ ಕರಗಿಸುತ್ತಾ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಹಾಕುತ್ತದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೆಲ್ಲ ಈ ಉಸಿರಾಟದ ವೇಗ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಅಂದರೆ 10 ಡಿಗ್ರಿಯಲ್ಲಿಟ್ಟ ಸೊಪ್ಪಿಗೆ ಹೋಲಿಸಿದರೆ 30 ಡಿಗ್ರಿಯಲ್ಲಿ ಬಿದ್ದಿರುವ ಸೊಪ್ಪು ನಾಲ್ಕರಿಂದ ಒಂಬತ್ತು ಪಟ್ಟು ವೇಗವಾಗಿ ತನ್ನನ್ನು ತಾನೇ ತಿಂದುಕೊಳ್ಳುತ್ತಿರುತ್ತದೆ. ಬಿಗಿಯಾಗಿ ತುಂಬಿ ಒಂದಿಡೀ ಮಧ್ಯಾಹ್ನ ಬಿಟ್ಟ ಸೊಪ್ಪಿನ ಕ್ರೇಟಿನ ನಡುವೆ ಕೈ ತೂರಿಸಿದರೆ ಇದು ತಾನಾಗಿಯೇ ಗೊತ್ತಾಗುತ್ತದೆ: ಮೇಲಿನ ಕಟ್ಟುಗಳು ತಣ್ಣಗಿದ್ದರೂ ನಡುವಿನವು ಬೆಚ್ಚಗಿರುತ್ತವೆ, ಎಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಉಸಿರಾಟದ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ, ಆ ಶಾಖದಿಂದ ಉಸಿರಾಟ ಇನ್ನಷ್ಟು ಜೋರಾಗುತ್ತದೆ. ಆದ್ದರಿಂದಲೇ ಬೆಳಗಿನ ತಂಪಿನಲ್ಲಿ ಕೊಯ್ಯುವುದು, ಕೊಯ್ದ ಕೂಡಲೇ ನೆರಳಿಗೆ ಸಾಗಿಸುವುದು, ಸಾಧ್ಯವಾದಷ್ಟು ಬೇಗ ತಣಿಸುವುದು, ಈ ಮೂರೂ ಆಮೇಲೆ ಮಾಡುವ ಯಾವ ಉಪಚಾರಕ್ಕಿಂತಲೂ ಹೆಚ್ಚಿನ ಫಲ ಕೊಡುತ್ತವೆ.

ಎಲ್ಲ ತರಕಾರಿಗಳದೂ ಒಂದೇ ಅವಸರವಲ್ಲ. ಆಲೂಗಡ್ಡೆ, ಈರುಳ್ಳಿಗಳು ನಿಧಾನವಾಗಿ ಉಸಿರಾಡುವಂಥವು. ಇವು ಎರಡು ದಿನ ತಡವಾಗಿ ಬಂದರೂ ಚಿಂತೆಯಿಲ್ಲ. ಸೊಪ್ಪು, ಬ್ರೊಕೊಲಿ, ಹಸಿ ಬಟಾಣಿ, ಅಣಬೆ, ಸಿಹಿ ಜೋಳಗಳದು ಬೇರೆಯೇ ಕಥೆ. ಸಿಹಿ ಜೋಳದ ಸಿಹಿ ಬಿಸಿಲಿನ ಒಂದೇ ದಿನದಲ್ಲಿ ಎದ್ದು ಕಾಣುವಷ್ಟು ಇಳಿದುಹೋಗುತ್ತದೆ. ನೀರಿನ ನಷ್ಟವೂ ಹಾಗೆಯೇ: ಸೊಪ್ಪು ತನ್ನ ತೂಕದ ಶೇ. 3ರಿಂದ 5ರಷ್ಟು ನೀರನ್ನು ಕಳೆದುಕೊಂಡರೆ ಸಾಕು, ಬಾಡಿದಂತೆ ಕಾಣುತ್ತದೆ. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ ಕಳಿಸುವ ಅಭ್ಯಾಸ ನನಗೆ ಸರಿಬರುವುದಿಲ್ಲ. ಅದು ಬಾಡಿದ್ದನ್ನು ಮರೆಮಾಚಿ ತೂಕವನ್ನು ಹೆಚ್ಚಿಸುತ್ತದೆ, ಎಲೆಯ ಮೇಲೆ ನಿಂತ ನೀರು ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಹಾದಿ ಮಾಡಿಕೊಡುತ್ತದೆ.

ಇಲ್ಲಿ ಸಾವಯವ ಸರಕಿಗೆ ಒಂದು ಹೆಚ್ಚಿನ ತೊಡಕಿದೆ. ಸಾಮಾನ್ಯ ಮಾರುಕಟ್ಟೆಯ ಹಣ್ಣನ್ನು ಕೊಯ್ದ ಮೇಲೆ ಶಿಲೀಂಧ್ರನಾಶಕದಲ್ಲಿ ಅದ್ದಬಹುದು, ಆಲೂಗಡ್ಡೆ ಮೊಳೆಯದಂತೆ ಕ್ಲೋರ್‌ಪ್ರೊಫಾಮ್‌ನಂಥ ರಾಸಾಯನಿಕವನ್ನು ಅದಕ್ಕೆ ಅವಕಾಶವಿರುವ ದೇಶಗಳಲ್ಲಿ ಬಳಸಬಹುದು, ಈರುಳ್ಳಿಗೆ ವಿಕಿರಣ ಸಂಸ್ಕರಣೆ ಮಾಡಬಹುದು. ಸಾವಯವದಲ್ಲಿ ಇವು ಯಾವುವೂ ಸಲ್ಲುವುದಿಲ್ಲ. ರಾಸಾಯನಿಕದ ಬೆಂಬಲವಿಲ್ಲದ ಸರಕಿಗೆ ಉಳಿಯುವುದು ತಂಪು, ಚೊಕ್ಕಟತನ ಮತ್ತು ವೇಗ ಮಾತ್ರ. ಇವುಗಳಲ್ಲಿ ಒಂದು ಕೈಕೊಟ್ಟರೂ ಅದು ಬೇರೆ ತರಕಾರಿಗಿಂತ ಬೇಗ ಬೂಷ್ಟು ಹಿಡಿಯುತ್ತದೆ. ಎಲೆಯಲ್ಲಿ ತೂತುಗಳಿವೆ, ಆದ್ದರಿಂದ ಇದು ಸಾವಯವ ಎಂದು ಹೇಳುವ ಮಾರಾಟಗಾರರನ್ನು ನಂಬಬೇಕಾಗಿಲ್ಲ. ಹುಳುವಿಗೆ ಪ್ರಮಾಣಪತ್ರ ಕೊಡುವ ಅಧಿಕಾರವಿಲ್ಲ. ಹಾಗೆಯೇ ಸಾವಯವ ಬಾಳೆಹಣ್ಣು ಎಂದರೆ ತಾನಾಗಿ ಮಾಗಿದ್ದು ಎಂದೂ ತಿಳಿಯಬಾರದು, ಹಲವು ದೇಶಗಳ ಸಾವಯವ ನಿಯಮಗಳು ಅದನ್ನು ಎಥಿಲೀನ್ ಅನಿಲದಿಂದ ಮಾಗಿಸಲು ಒಪ್ಪುತ್ತವೆ.

ಯಾವ ಬಗೆಯ ವ್ಯವಸ್ಥೆಯಿಂದ ತರಿಸಿಕೊಳ್ಳಬೇಕು ಎಂಬುದರಲ್ಲಿ ನನ್ನ ಒಲವು ಸ್ಪಷ್ಟವಾಗಿದೆ. ಜಪಾನಿನಲ್ಲಿ 1970ರ ದಶಕದಲ್ಲಿ ಗ್ರಾಹಕರ ಗುಂಪುಗಳು ಸಾವಯವ ರೈತರೊಂದಿಗೆ ನೇರ ಒಡಂಬಡಿಕೆ ಮಾಡಿಕೊಂಡು, ಆ ವಾರ ಹೊಲದಲ್ಲಿ ಬಂದದ್ದನ್ನು ಹಂಚಿಕೊಳ್ಳುವ ಪದ್ಧತಿಯನ್ನು ಬೆಳೆಸಿದವು. ಅಮೆರಿಕದಲ್ಲಿ 1986ರಲ್ಲಿ ಎರಡು ತೋಟಗಳು ಇಂಥದೇ ಚಂದಾ ವ್ಯವಸ್ಥೆಯನ್ನು ಆರಂಭಿಸಿದವು. ಕೊಯ್ಲಿನ ದೃಷ್ಟಿಯಿಂದ ಇದರ ಗುಣವೆಂದರೆ, ಯಾರಿಗೆ ಎಷ್ಟು ಬೇಕೆಂಬುದು ಮೊದಲೇ ಗೊತ್ತಿರುವುದರಿಂದ ಅಷ್ಟನ್ನೇ ಕೊಯ್ಯುತ್ತಾರೆ, ಸರಕು ಗಿರಾಕಿಗಾಗಿ ಗೋದಾಮಿನಲ್ಲಿ ಕಾಯುವುದಿಲ್ಲ. ಯಾವ ದಿನ, ಯಾವ ಹೊತ್ತಿನಲ್ಲಿ ಮೊಬೈಲ್ ತೆರೆದರೂ ಎಲ್ಲ ತರಕಾರಿಯೂ ಸಿಗುತ್ತದೆ ಎಂದಾದರೆ, ಅದು ಎಲ್ಲೋ ದಾಸ್ತಾನಾಗಿ ಕುಳಿತಿದೆ ಎಂದೇ ಅರ್ಥ. ಆ ದಾಸ್ತಾನು ಸರಿಯಾದ ತಂಪಿನಲ್ಲಿದ್ದರೆ ನನ್ನ ತಕರಾರಿಲ್ಲ. ವಾರಕ್ಕೊಮ್ಮೆ ಬರುವ ಪೆಟ್ಟಿಗೆಯಲ್ಲಿ ಆಯ್ಕೆ ಕಡಿಮೆ, ಒಂದೇ ಕಾಯಿ ಮೂರು ವಾರ ಬಂದು ಬೇಸರವೂ ಆಗಬಹುದು. ಆದರೂ ಸೊಪ್ಪು ತಿನ್ನುವ ಮನೆಯವರಿಗೆ ನಾನು ಅದನ್ನೇ ಸೂಚಿಸುತ್ತೇನೆ.

ಪೆಟ್ಟಿಗೆ ಬಂದ ಕೂಡಲೇ ತೆರೆಯಬೇಕು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಬಿಸಿಲಿನ ಹೊಸ್ತಿಲ ಮೇಲೆ ಇರಿಸಿ ಹೋಗುವ ಏರ್ಪಾಟಿಗೆ ಒಪ್ಪಿಕೊಂಡರೆ ಹೊಲದಲ್ಲಿ ಪಟ್ಟ ಶ್ರಮವೆಲ್ಲ ಅಲ್ಲಿಯೇ ವ್ಯರ್ಥವಾಗುತ್ತದೆ. ಮೊದಲು ಸೊಪ್ಪಿನ ಕಟ್ಟನ್ನು ತಿರುಗಿಸಿ ದಂಟಿನ ಕೊಯ್ದ ತುದಿಯನ್ನು ನೋಡಿ. ಇತ್ತೀಚೆಗೆ ಕೊಯ್ದದ್ದಾದರೆ ತುದಿ ಹಸಿಯಾಗಿ, ತಿಳಿಬಣ್ಣದಲ್ಲಿರುತ್ತದೆ. ಹೊತ್ತು ಕಳೆದಂತೆ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ. ತುದಿ ಹೊಸದಾಗಿದ್ದು ಹೊರಗಿನ ಎಲೆಗಳು ಮಾತ್ರ ಹಳದಿಯಾಗಿದ್ದರೆ, ಹಳೆಯ ಕಟ್ಟಿನ ಬುಡವನ್ನು ಸವರಿ ಕಳಿಸಿರುವ ಸಾಧ್ಯತೆ ಹೆಚ್ಚು. ಆಮೇಲೆ ಕಟ್ಟನ್ನು ಬಿಚ್ಚಿ ಒಳಗಿನ ಎಲೆಗಳನ್ನು ಮೂಸಿ, ಕೊಳೆತ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಪ್ಲಾಸ್ಟಿಕ್ ಚೀಲದ ಒಳಮೈಯಲ್ಲಿ ನೀರಹನಿಗಳು ದಟ್ಟವಾಗಿ ಕಟ್ಟಿಕೊಂಡಿದ್ದರೆ ಸರಕು ದಾರಿಯಲ್ಲಿ ಒಮ್ಮೆ ತಣ್ಣಗೆ, ಒಮ್ಮೆ ಬಿಸಿಗೆ ಸಿಕ್ಕಿರಬಹುದು. ಅಂಥದನ್ನು ಒರೆಸಿ ಅಂದೇ ಬಳಸುವುದು ಮೇಲು.

ಎಲ್ಲವನ್ನೂ ಫ್ರಿಜ್ಜಿಗೆ ತುರುಕುವುದೂ ತಪ್ಪೇ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗಿ ಮಾಗುವುದನ್ನೇ ನಿಲ್ಲಿಸುತ್ತದೆ. ಸೌತೆ, ಬದನೆ, ದಪ್ಪ ಮೆಣಸಿನಕಾಯಿಗಳು ಕೆಲವು ದಿನ ತೀರಾ ತಣ್ಣಗಿದ್ದರೆ ಮೈಮೇಲೆ ಗುಳಿಬಿದ್ದು ಹೊರತೆಗೆದೊಡನೆ ಕೆಡುತ್ತವೆ, ಅವಕ್ಕೆ 10 ಡಿಗ್ರಿಯ ಆಸುಪಾಸೇ ಹಿತ. ಕ್ಯಾರೆಟ್, ಮೂಲಂಗಿಗಳ ತಲೆಯ ಸೊಪ್ಪನ್ನು ಕೂಡಲೇ ಕತ್ತರಿಸಿಬಿಡಬೇಕು. ಆ ಸೊಪ್ಪು ಗೆಡ್ಡೆಯ ನೀರನ್ನು ಹೀರಿ ಗಾಳಿಗೆ ಬಿಡುತ್ತಿರುತ್ತದೆ. ಸೇಬು, ಮಾಗಿದ ಬಾಳೆಗಳಿಂದ ಹೊರಬರುವ ಎಥಿಲೀನ್ ಸೊಪ್ಪನ್ನು ಹಳದಿಯಾಗಿಸುತ್ತದೆ, ಕ್ಯಾರೆಟ್ಟಿಗೆ ಕಹಿ ತರುತ್ತದೆ, ಆದ್ದರಿಂದ ಅವನ್ನು ಬೇರೆ ಇಡುವುದು ಒಳ್ಳೆಯದು. ಆಲೂಗಡ್ಡೆಗೆ ಕತ್ತಲು ಬೇಕು, ಬೆಳಕಿಗೆ ಹಸಿರಾದದ್ದನ್ನು ತಿನ್ನಬಾರದು.

ಸಾವಯವ ಎಂದ ಮಾತ್ರಕ್ಕೆ ತೊಳೆಯದೆ ತಿನ್ನಬಹುದೆಂಬ ನಂಬಿಕೆಯೊಂದು ಗಟ್ಟಿಯಾಗಿ ಬೇರೂರಿದೆ, ಇದು ಅಪಾಯಕಾರಿ. ಸಾವಯವ ಬೇಸಾಯದಲ್ಲಿ ಸಗಣಿ, ಕೊಟ್ಟಿಗೆ ಗೊಬ್ಬರಗಳ ಬಳಕೆ ಹೆಚ್ಚು. ಅಮೆರಿಕದ ಸಾವಯವ ನಿಯಮದಲ್ಲಿ ಕಳಿಯದ ಸಗಣಿ ಗೊಬ್ಬರ ಹಾಕಿದ ಮೇಲೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ 120 ದಿನ, ತಾಗದ ಬೆಳೆಯಾದರೆ 90 ದಿನ ಕೊಯ್ಯಬಾರದೆಂದು ಹೇಳಿರುವುದು ರೋಗಾಣುಗಳ ಭಯದಿಂದಲೇ. ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ಬಿಡಿಸಿ ತೊಳೆಯಬೇಕು, ಆದರೆ ಬಳಸುವ ಮುಂಚೆ. ತೊಳೆದು ಒದ್ದೆಯಾಗಿಯೇ ಎತ್ತಿಟ್ಟರೆ ಬೇಗ ಕೊಳೆಯುತ್ತದೆ.

ಸರಕು ಕೆಟ್ಟು ಬಂದಾಗ ಬಹಳ ಮಂದಿ ಹಣ ವಾಪಸ್ ಪಡೆದು ಸುಮ್ಮನಾಗುತ್ತಾರೆ. ಅದರ ಬದಲು ದಂಟಿನ ತುದಿ, ಕಟ್ಟಿನ ಒಳಭಾಗಗಳ ಚಿತ್ರ ತೆಗೆದು, ಪೆಟ್ಟಿಗೆ ಕೈಸೇರಿದ ಹೊತ್ತನ್ನು ಬರೆದು, ಈ ಸರಕು ಯಾವ ತೋಟದ್ದು, ಎಂದು ಕೊಯ್ದದ್ದು, ಇದರ ಲಾಟ್ ಸಂಖ್ಯೆ (ಒಟ್ಟಿಗೆ ಬಂದ ಸರಕಿಗೆ ಕೊಡುವ ಗುರುತಿನ ಸಂಖ್ಯೆ) ಏನು ಎಂದು ಕೇಳಿ. ಬಾಗಿಲಿಗೆ ತಂದುಕೊಡುವ ಹುಡುಗನನ್ನು ಕೇಳಿ ಪ್ರಯೋಜನವಿಲ್ಲ, ಕಳಿಸಿದವರನ್ನೇ ಕೇಳಬೇಕು. ಪ್ರಮಾಣೀಕೃತ ಸಾವಯವ ವ್ಯಾಪಾರದಲ್ಲಿ ಸರಕು ಬಂದ ದಾರಿಯ ದಾಖಲೆ ಹೇಗೂ ಇರಲೇಬೇಕಾದದ್ದು; ಕೊಯ್ಲಿನ ದಿನವನ್ನು ಹೇಳಲಾಗದವರು ಆ ತರಕಾರಿ ಸಾವಯವ ತೋಟದಿಂದಲೇ ಬಂದಿತೆಂಬುದಕ್ಕೂ ಆಧಾರ ತೋರಿಸಲಾರರು.