ರೋಗನಿರೋಧಕ ಕೋಶಕ್ಕೆ ಬೇಕಾದ ಮೈಕ್ರೋಆರ್‌ಎನ್‌ಎ ಕ್ಯಾನ್ಸರಿಗೂ ಕಾರಣವಾಗುವುದು ಹೇಗೆ?

ಪ್ರಶ್ನೆ: ಮೈಕ್ರೋಆರ್‌ಎನ್‌ಎ ಇಲ್ಲದಿದ್ದರೆ ನಮ್ಮ ರೋಗನಿರೋಧಕ ಕೋಶಗಳು ಕೆಲಸ ಮಾಡಲಾರವು ಎಂದು ಒಂದೆಡೆ ಓದುತ್ತೇವೆ, ರಕ್ತದ ಕ್ಯಾನ್ಸರಿಗೆ ಅದೇ ಕಾರಣ ಎಂದು ಇನ್ನೊಂದೆಡೆ. ಎರಡೂ ನಿಜವೇ?

ಉತ್ತರ: ಎರಡೂ ನಿಜ. ಮೈಕ್ರೋಆರ್‌ಎನ್‌ಎ ಯಾವ ಕೋಶದಲ್ಲಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ಉಳಿಯುತ್ತದೆ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ.

ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ (ಆರ್‌ಎನ್‌ಎ ಸರಪಳಿಯ ಕೊಂಡಿಗಳು) ಉದ್ದದ ಆರ್‌ಎನ್‌ಎ ತುಣುಕು; ಇದರಿಂದ ಯಾವ ಪ್ರೋಟೀನೂ ತಯಾರಾಗುವುದಿಲ್ಲ. ಅದು ತನಗೆ ಹೊಂದುವ, ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು, ಆ ಸಂದೇಶದಿಂದ ಹುಟ್ಟಬೇಕಾದ ಪ್ರೋಟೀನಿನ ಪ್ರಮಾಣವನ್ನು ತಗ್ಗಿಸುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲಿ ಇದನ್ನು ಒಂದು ಪುಟ್ಟ ದುಂಡುಹುಳುವಿನಲ್ಲಿ ತೋರಿಸಿದರು. ನೊಬೆಲ್ ಬಂದದ್ದು 2024ರಲ್ಲಿ.

ಮಿರ್-155 ಎಂಬ ಮೈಕ್ರೋಆರ್‌ಎನ್‌ಎಯನ್ನು ನೋಡೋಣ. ಪ್ರತಿಕಾಯಗಳನ್ನು ತಯಾರಿಸುವ ರೋಗನಿರೋಧಕ ಕೋಶವಾದ ಬಿ ಕೋಶ ರೋಗಾಣುವನ್ನು ಎದುರಿಸಿ ಚುರುಕಾದಾಗ ಇದರ ಪ್ರಮಾಣ ಏರುತ್ತದೆ. ಇದರ ಜೀನ್ ತೆಗೆದುಹಾಕಿದ ಇಲಿಗಳು ಸರಿಯಾಗಿ ಪ್ರತಿಕಾಯಗಳನ್ನು ತಯಾರಿಸಲಾರವು ಎಂಬುದು 2007ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿಯಿತು. ಆದರೆ ಅದಕ್ಕೂ ಹಿಂದಿನ ವರ್ಷವೇ, ಬಿ ಕೋಶಗಳಲ್ಲಿ ಮಿರ್-155 ಸದಾ ಹೆಚ್ಚಾಗಿರುವಂತೆ ಮಾಡಿದ ಇಲಿಗಳಲ್ಲಿ ಆ ಕೋಶಗಳು ಮಿತಿಮೀರಿ ಬೆಳೆದು ಕ್ಯಾನ್ಸರಿನತ್ತ ತಿರುಗಿದ್ದು ಕಂಡುಬಂದಿತ್ತು. ಮಿರ್-155 ತಗ್ಗಿಸುವ ಪ್ರೋಟೀನುಗಳಲ್ಲಿ ಒಂದಾದ ಶಿಪ್1, ಕೋಶದ ಬೆಳವಣಿಗೆಯ ಸಂಕೇತಗಳಿಗೆ ಕಡಿವಾಣ ಹಾಕುವಂಥದ್ದು. ಸೋಂಕಿನ ವೇಳೆ ಆ ಕಡಿವಾಣ ಕೆಲಕಾಲ ಸಡಿಲವಾದರೆ ಅನುಕೂಲವೇ. ಸಡಿಲವಾಗಿಯೇ ಉಳಿದರೆ ಅಪಾಯ. ಹಾಡ್ಜ್‌ಕಿನ್ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ ಮಿರ್-155 ಹೆಚ್ಚಾಗಿ ಕಾಣಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಥೆ ಮಿರ್-15ಎ ಮತ್ತು ಮಿರ್-16-1 ಜೋಡಿಯದು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಮನದಟ್ಟಾಗುವ ಉದಾಹರಣೆಯೂ ಇದೇ. ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ (ಬಿ ಕೋಶಗಳ ರಕ್ತದ ಕ್ಯಾನ್ಸರ್) ಇರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಕ್ಯಾನ್ಸರ್ ಕೋಶಗಳಲ್ಲಿ 13ನೇ ವರ್ಣತಂತುವಿನ ಒಂದು ಭಾಗ ಅಳಿದುಹೋಗಿರುತ್ತದೆ. ಅಲ್ಲಿ ಕಳೆದುಹೋದ ಜೀನ್ ಯಾವುದೆಂದು ವರ್ಷಗಟ್ಟಲೆ ಹುಡುಕಿದರೂ ಪ್ರೋಟೀನ್ ತಯಾರಿಸುವ ಯಾವ ಜೀನೂ ಆ ಪಾತ್ರಕ್ಕೆ ಹೊಂದಲಿಲ್ಲ. ಕಾರ್ಲೊ ಕ್ರೋಚೆ ಅವರ ತಂಡ 2002ರಲ್ಲಿ ಅಲ್ಲಿ ಈ ಎರಡು ಮೈಕ್ರೋಆರ್‌ಎನ್‌ಎಗಳನ್ನು ಗುರುತಿಸಿತು. ಇವು ಬಿಸಿಎಲ್2 ಎಂಬ ಪ್ರೋಟೀನನ್ನು ತಗ್ಗಿಸುತ್ತವೆ ಎಂಬುದು 2005ರಲ್ಲಿ ಸ್ಪಷ್ಟವಾಯಿತು. ಬಿಸಿಎಲ್2 ಕೋಶವನ್ನು ಸಾಯಗೊಡುವುದಿಲ್ಲ; ಹಾಗಾಗಿ ಈ ಜೋಡಿ ಇಲ್ಲವಾದಾಗ, ಕಾಲ ಮುಗಿದ ಬಿ ಕೋಶಗಳು ಸಾಯದೆ ರಕ್ತದಲ್ಲಿ ಕೂಡಿಕೊಳ್ಳುತ್ತವೆ. (ವರ್ಣತಂತುಗಳ ಬದಲಾವಣೆ ಹುಡುಕುವ ಫಿಶ್ ಪರೀಕ್ಷೆಯ ವರದಿಯಲ್ಲಿ ಈ ಅಳಿವೊಂದೇ ಕಂಡರೆ ಗಾಬರಿಯಾಗಬೇಕಿಲ್ಲ, ಅಂಥವರಲ್ಲಿ ರೋಗ ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ.)

ಹಾಗಾದರೆ ಕಳೆದುಹೋದ ಮೈಕ್ರೋಆರ್‌ಎನ್‌ಎಯನ್ನೇ ಔಷಧವಾಗಿ ಕೊಡಬಾರದೇಕೆ? ಮಿರ್-34ಎ ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎಯ ಪ್ರತಿರೂಪವೊಂದನ್ನು ಬೇರೆ ಬಗೆಯ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಲಾಯಿತು. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಗಂಭೀರ ಅಡ್ಡಪರಿಣಾಮಗಳಿಂದಾಗಿ ಆ ಪ್ರಯೋಗ 2016ರಲ್ಲಿ ನಿಂತಿತು. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಸಂದೇಶಗಳ ಮೇಲೆ ಪ್ರಭಾವ ಬೀರಬಲ್ಲದಾದ್ದರಿಂದ, ಬೇಕಾದ ಕೋಶದಲ್ಲಿ ಬೇಕಾದ ಪರಿಣಾಮವನ್ನಷ್ಟೇ ಪಡೆಯುವುದು ಕಷ್ಟ. ಸದ್ಯಕ್ಕೆ ಫಲ ಕೊಟ್ಟಿರುವುದು ಸುತ್ತುದಾರಿ: ಬಿಸಿಎಲ್2 ಪ್ರೋಟೀನನ್ನೇ ನೇರವಾಗಿ ತಡೆಯುವ ವೆನೆಟೋಕ್ಲಾಕ್ಸ್ ಮಾತ್ರೆ 2016ರಿಂದ ಈ ಲ್ಯುಕೇಮಿಯಾದ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ.