ಗರ್ಜನೆ ಸುಲಭ, ಉಸಿರು ಕಷ್ಟ

ಸಿನಿಮಾದಲ್ಲಿ ಆನೆ ಕಾಣಿಸಿತು ಅಂದ್ರೆ ಘೀಳಿಡಲೇಬೇಕು. ಇಲ್ಲದಿದ್ದರೆ ನಿರ್ದೇಶಕರಿಗೆ ಸಮಾಧಾನವಿಲ್ಲ. ಆದರೆ ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದಲ್ಲಿ ಮನೆ ಇರುವವರನ್ನು ಕೇಳಿ ನೋಡಿ. ಹಲಸು ಹಣ್ಣಾಗುವ ಕಾಲಕ್ಕೆ ತೋಟಕ್ಕೆ ಇಳಿಯುವ ಆನೆ ಸುಮ್ನೆ ಘೀಳಿಡುವುದಿಲ್ಲ. ಕೊಂಬೆ ಮುರಿದ ಸದ್ದು, ಕಿವಿ ಬಡಿದ ಸದ್ದು, ಆಗೊಮ್ಮೆ ಈಗೊಮ್ಮೆ ಒಳಗಿಂದ ಬರುವ ಗುಡುಗುಡು. ಕೆಲವು ಸಲ ಬೆಳಿಗ್ಗೆ ಲದ್ದಿ ನೋಡಿದ ಮೇಲೆಯೇ ಗೊತ್ತಾಗುವುದು, ರಾತ್ರಿ ಬಂದಿತ್ತು ಅಂತ.

ನಿರ್ದೇಶಕರು ಕೇಳುವ ಆನೆಗೂ ತೋಟದ ಆನೆಗೂ ನಡುವೆ ನನ್ನ ಹೊಟ್ಟೆಪಾಡು. ಸಿನಿಮಾಕ್ಕೆ, ಅನಿಮೇಷನ್‌ಗೆ ಪ್ರಾಣಿಗಳ ದನಿ ಕೊಡುತ್ತೇನೆ.

ಆನೆಯ ಆ ಗುಡುಗುಡುವಿನ ಮೂಲ ಸ್ವರ ಎಷ್ಟೋ ಸಲ 20 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20 ಕಂಪನಕ್ಕಿಂತ, ಕೆಳಗಿರುತ್ತದೆ. ನಮ್ಮ ಕಿವಿಗೆ ಸಿಗುವುದು ಅದರ ಮೇಲಿನ ಪದರ ಮಾತ್ರ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಪಕ್ಕ ನಿಂತಿದ್ದಾಗ ಗಾಳಿಯೇ ಅದುರಿದಂತಾಯಿತಂತೆ. ಆನೆಗಳು ನಮಗೆ ಕೇಳದ ಸ್ವರದಲ್ಲಿ ಮಾತಾಡುವ ವಿಷಯ ಬೆಳಕಿಗೆ ಬಂದದ್ದು ಹಾಗೆ.

ನನ್ನ ಗಂಟಲು ಅಷ್ಟು ಕೆಳಗೆ ಹೋಗುವುದಿಲ್ಲ. ಗಂಡಸಿನ ತುಟಿಯಿಂದ ಧ್ವನಿಪೆಟ್ಟಿಗೆವರೆಗಿನ ಕೊಳವೆ ಸುಮಾರು 17 ಸೆಂಟಿಮೀಟರ್, ಅಷ್ಟೇ. ಕೊಳವೆ ಉದ್ದವಾದಷ್ಟೂ ಕೇಳುವವರಿಗೆ ಪ್ರಾಣಿ ದೊಡ್ಡದು ಅನ್ನಿಸುತ್ತದೆ. ಅದಕ್ಕೆ ರೆಕಾರ್ಡ್ ಮಾಡಿದ್ದನ್ನು ಅರ್ಧ ವೇಗದಲ್ಲಿ ಓಡಿಸುತ್ತೇವೆ, ಸ್ವರ ಒಂದು ಸ್ಥಾಯಿ ಇಳಿಯುತ್ತದೆ. ಅಂದರೆ ಮೈಕ್ ಮುಂದೆ ನಾನು ಸಲಗ ಆಗುವ ಹಾಗಿಲ್ಲ, ಮರಿಯಾನೆ ಆಗಬೇಕು. ಎಲ್ಲವನ್ನೂ ಎರಡು ಪಟ್ಟು ಬೇಗ, ಎರಡು ಪಟ್ಟು ಚುಟುಕಾಗಿ ಮುಗಿಸಬೇಕು. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಧ್ವನಿ ವಿನ್ಯಾಸಕ ಗ್ಯಾರಿ ರೈಡ್‌ಸ್ಟ್ರಾಮ್ ದೈತ್ಯ ಡೈನೋಸಾರ್‌ನ ಕೂಗಿಗೆ ಬಳಸಿದ್ದರಲ್ಲಿ ನಿಜವಾದ ಮರಿಯಾನೆಯ ದನಿಯೂ ಇತ್ತು.

ಕೂಗು ಹೇಗೋ ಆಗುತ್ತದೆ. ಉಸಿರು ಮಾತ್ರ ಕೈ ಕೊಡುತ್ತದೆ. ಹೊಸಬರು ಎಲ್ಲವನ್ನೂ ಗಾಳಿ ಹೊರಗೆ ಬಿಡುತ್ತಾ ಮಾಡುತ್ತಾರೆ, ಥೇಟ್ ಮನುಷ್ಯ ಅರಚಿದ ಹಾಗೆ ಕೇಳುತ್ತದೆ. ಗಾಳಿ ಒಳಗೆ ಎಳೆಯುತ್ತಾ ದನಿ ತೆಗೆದು ನೋಡಿ. ಬಾಯಿ ಮುಚ್ಚಿ ಮೂಗಿನಿಂದ ಗೊರಕೆ ಎಳೆದರೆ ಕಾಡುಹಂದಿ ಅರ್ಧ ಸಿಕ್ಕಿತು. ಇನ್ನರ್ಧ ಲೆಕ್ಕಾಚಾರ. ಇಲಿ ಪಟಪಟ ಉಸಿರಾಡುತ್ತದೆ, ಆನೆ ನಿಧಾನ. ಎರಡು ಕೂಗಿನ ನಡುವೆ ಉಸಿರು ತಪ್ಪಿದರೆ ಕೂಗು ಎಷ್ಟೇ ಚೆನ್ನಾಗಿದ್ದರೂ ತೆರೆಯ ಮೇಲಿನ ಮೈಗೆ ಅಂಟುವುದಿಲ್ಲ.

ಸ್ಕ್ರಿಪ್ಟ್‌ನಲ್ಲಿ ‘ನಾಯಿ ಬೊಗಳುತ್ತದೆ’ ಅಂತ ಬರೆದಿರುತ್ತಾರೆ. ಯಾರನ್ನು ಕಂಡು? ತೋಟದ ನಾಯಿ ಅಪರಿಚಿತರಿಗೆ ಮುನ್ನುಗ್ಗಿ ಬೊಗಳುತ್ತದೆ. ಚಿರತೆಯ ವಾಸನೆ ಹಿಡಿದರೆ ಬೊಗಳು ಅರ್ಧಕ್ಕೇ ನಿಲ್ಲುತ್ತದೆ, ಮೂಗಿನಲ್ಲಿ ಕುಂಯ್ ಅನ್ನುತ್ತದೆ, ದನಿ ಹಿಂದೆ ಹಿಂದೆ ಸರಿಯುತ್ತದೆ. ನಾನೂ ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಹೋಗಿಯೇ ಅದನ್ನು ಮಾಡುವುದು.

ಈಗ ಈ ಕೆಲಸ ಜಾಸ್ತಿಯಾಗಿದೆ. ಹುಲಿ, ಸಿಂಹ, ಚಿರತೆ, ಕರಡಿ, ಮಂಗ ಇವನ್ನು ಪಳಗಿಸಿ ಆಡಿಸುವುದಕ್ಕೆ ನಮ್ಮಲ್ಲಿ ನಿಷೇಧವಿದೆ, ಒಳ್ಳೆಯದೇ ಆಯಿತು. ಗ್ರಾಫಿಕ್ಸ್ ಹುಲಿಗೆ ಬಾಯಿ ಇರುತ್ತದೆ, ದನಿ ಯಾರಾದರೂ ಕೊಡಬೇಕಲ್ವಾ? ಟೈಟಲ್ ಕಾರ್ಡ್‌ನಲ್ಲಿ ಮಾತ್ರ ನಮ್ಮ ಹೆಸರು ಹುಡುಕಬೇಡಿ.

ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಎರಡು ಮಾತು. ‘ದಿ ಲಯನ್ ಕಿಂಗ್’ಗೆ ದನಿ ಕಲಾವಿದ ಫ್ರಾಂಕ್ ವೆಲ್ಕರ್ ಲೋಹದ ಕಸದ ಡಬ್ಬಿಯೊಳಗೆ ಗರ್ಜಿಸಿದ್ದರು. ನಿಮಗೆ ತಗಡಿನ ಬಕೆಟ್ ಸಾಕು, ಪ್ಲಾಸ್ಟಿಕ್ ಬೇಡ, ಅದು ತಗಡಿನಷ್ಟು ಅನುರಣಿಸುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮಡಿಕೇರಿ ಕಡೆ ಶೀಟ್ ಮನೆಯಲ್ಲಿ ರೆಕಾರ್ಡಿಂಗ್ ಆಸೆ ಬಿಡಿ, ಮಳೆ ಸದ್ದೇ ತುಂಬಿಕೊಳ್ಳುತ್ತದೆ. ಸ್ಟುಡಿಯೋಗೆ ಹೋದಾಗ ಗರ್ಜನೆಯನ್ನು ದಿನದ ಕೊನೆಗೆ ಇಡಿ ಅಂತ ಮೊದಲೇ ಹೇಳಿಬಿಡಿ. ಬೆಳಿಗ್ಗೆಯೇ ಹುಲಿ ಆದರೆ ಮಧ್ಯಾಹ್ನದ ಗುಬ್ಬಿಗೆ ಗಂಟಲೇ ಉಳಿದಿರುವುದಿಲ್ಲ.